ಡ್ರಮ್‌ಬ್ರ್ಯಾಕಿನ ಹೋರಿಯವನೂ ಅವನ ದಾಂಡುಗಳೂ

ಡ್ರಮ್‌ಬ್ರ್ಯಾಕಿನ ಸುತ್ತಮುತ್ತ ಯಾರ ಕೊಟ್ಟಿಗೆಯಲ್ಲಿ ಹಸು ಬೆದೆಗೆ ಬಂದರೂ ಮೊದಲ ಫೋನು ಹೋಗುವುದು ಫಿಂಟನ್ ಡೆಲಹಂಟಿಗೆ. ಕಾರಿನ ಹಿಂಬದಿಯಲ್ಲಿ, ಮುಚ್ಚಳ ತೆಗೆದರೆ ಬಿಳಿ ಹೊಗೆ ಬರುವ ತಣ್ಣನೆಯ ಡಬ್ಬಿಯೊಳಗೆ, ಹೆಸರುವಾಸಿ ಹೋರಿಗಳ ಬೀಜವನ್ನು ಕಡ್ಡಿ ಕಡ್ಡಿಯಾಗಿ ಇಟ್ಟುಕೊಂಡು ಅವನು ಮನೆಯಿಂದ ಮನೆಗೆ ತಿರುಗುತ್ತಾನೆ. ಅದಕ್ಕೇ ಊರಿನವರ ಬಾಯಲ್ಲಿ ಅವನು ಹೋರಿಯವನು. ಅದೇ ಕಾರಿನಲ್ಲಿ, ಅದೇ ಡಬ್ಬಿಗೆ ಒರಗಿಕೊಂಡು, ಒಂದು ಗೋಣಿಚೀಲದ ತುಂಬ ಆಶ್ ಮರದ ದಾಂಡುಗಳೂ ಇರುತ್ತವೆ. ಪುಟ್ಟ ಚೆಂಡನ್ನು ಬಡಿದು ಆಡುವ ಹರ್ಲಿಂಗ್ ಅನ್ನುವ ಆಟದ ದಾಂಡುಗಳು. ಹಸುಗಳ ವಿಷಯದಲ್ಲಿ ಫಿಂಟನ್‌ನ ಕೈಗುಣ ದೊಡ್ಡದು. ಅವನು ಮುಟ್ಟಿದ ಹಸು ಗಬ್ಬ ಕಟ್ಟದೆ ಹೋದದ್ದು ಅಪರೂಪ. ದಾಂಡುಗಳ ವಿಷಯದಲ್ಲಿ ಮಾತ್ರ ಆ ಊರಿನಲ್ಲಿ ಏನೂ ಕಟ್ಟಲಿಲ್ಲ.

ಅವನು ಹುಟ್ಟಿದ್ದು ಕಿಲ್ಕೆನಿಯಲ್ಲಿ. ಅಲ್ಲಿ ಕೂಸು ತೊಟ್ಟಿಲಿನಿಂದ ಇಳಿಯುವ ಮೊದಲೇ ಯಾವನೋ ಚಿಕ್ಕಪ್ಪ ಅದರ ಕೈಗೊಂದು ಪುಟಾಣಿ ದಾಂಡು ಕೊಟ್ಟಿರುತ್ತಾನೆ. ಹಾಲಿಗೆ ಹೋಗುವವರು, ಶಾಲೆಗೆ ಹೋಗುವವರು, ಪ್ರಾರ್ಥನೆಗೆ ಹೋಗುವವರು, ಎಲ್ಲರೂ ದಾರಿಯುದ್ದಕ್ಕೂ ಚೆಂಡನ್ನು ಗೋಡೆಗೆ ಬಡಿಯುತ್ತಲೇ ಹೋಗುತ್ತಾರೆ. ಅಂಥ ಊರಿನಿಂದ ಬಂದವನು ಕ್ಯಾವನ್ ಸೀಮೆಯ ಅಸಂಪ್ಟಾ ಮೆಕೀರ್ನನ್‌ಳನ್ನು ಕಟ್ಟಿಕೊಂಡು, ಫುಟ್‌ಬಾಲ್, ಅದೂ ಕೈಯಲ್ಲಿ ಹಿಡಿದು ಕಾಲಲ್ಲಿ ಒದ್ದು ಆಡುವ ತಮ್ಮ ಸೀಮೆಯದು, ಅದು ಬಿಟ್ಟರೆ ಬೇರೆ ಆಟವೇ ಭೂಮಿಯ ಮೇಲಿಲ್ಲ ಅಂತ ನಂಬಿದ್ದ ಡ್ರಮ್‌ಬ್ರ್ಯಾಕಿಗೆ ಬಂದು ಬಿದ್ದ. ಹೆಣ್ಣು ನೋಡಲು ಹೋದ ದಿನ ಅಸಂಪ್ಟಾಳ ಅಪ್ಪ, ಗೋಡೆಯ ಮೇಲೆ ಏಸುವಿನ ಪಟದ ಪಕ್ಕದಲ್ಲೇ ತನ್ನ ಫುಟ್‌ಬಾಲ್ ಪದಕ ನೇತುಹಾಕಿದ್ದವನು, ಆಲೂಗಡ್ಡೆ ಬಡಿಸುತ್ತ ಕೇಳಿದ್ದ: "ಅಲ್ಲಯ್ಯಾ, ನಿಮ್ಮ ಕಡೆ ಕೋಲು ಹಿಡ್ಕೊಂಡು ಒಬ್ರನ್ನೊಬ್ರು ಬಡ್ಕೋತಾರಲ್ಲ, ಅದು ಆಟಾನಾ ಜಗಳಾನಾ?"

"ಎರಡೂನೂ ಹೌದು," ಅಂದಿದ್ದ ಫಿಂಟನ್. ಮುದುಕನಿಗೆ ಉತ್ತರ ಹಿಡಿಸಿ ಹುಡುಗಿ ಕೊಟ್ಟ. ಆಟಕ್ಕೆ ಮಾತ್ರ ಜಾಗ ಕೊಡಲಿಲ್ಲ.

ಫಿಂಟನ್ ಸುಮ್ಮನೆ ಕೂರುವ ಪೈಕಿ ಅಲ್ಲ. ಹಸುವಿಗೆ ಬೀಜ ಹಾಕಲು ಹೋದ ಮನೆಯಲ್ಲೆಲ್ಲ ಒಂದೊಂದು ದಾಂಡು ಬಿಟ್ಟುಬಂದ. ಮಕ್ಕಳಿರುವ ಮನೆಗೆ ಎರಡು. ದಾಂಡು ಮನೆಯಲ್ಲಿ ಬಿದ್ದಿದ್ದರೆ ಯಾವತ್ತಾದರೂ ಒಂದು ಕೈ ಅದನ್ನು ಎತ್ತೀತು ಅಂತ ಅವನ ಲೆಕ್ಕ. ಕೈಗಳು ಎತ್ತಿದವು, ಎತ್ತಲಿಲ್ಲ ಅಂತ ಹೇಳುವ ಹಾಗಿಲ್ಲ. ಮುಂದಿನ ಸಲ ಹೋದಾಗ ನೋಡಿದರೆ ಒಂದು ಮನೆಯಲ್ಲಿ ಅದರಿಂದ ದನ ಅಟ್ಟುತ್ತಿದ್ದರು. ಇನ್ನೊಂದು ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಆಸರೆ ಕೊಟ್ಟಿದ್ದರು. ಮತ್ತೊಂದು ಕಡೆ ಸುಣ್ಣದ ಬಕೆಟ್ಟಿನಲ್ಲಿ ಅದ್ದಿ ತಿರುವುತ್ತಿದ್ದರು. "ಎಂಥಾ ಗಟ್ಟಿ ಮರ ಫಿಂಟನ್! ಇನ್ನೊಂದಿದ್ರೆ ಕೊಟ್ಟೋಗು," ಅಂತ ಹೊಗಳಿಕೆ ಬೇರೆ. ಅವನು ಹಲ್ಲು ಕಚ್ಚಿ ಇನ್ನೊಂದು ಕೊಟ್ಟು ಬರುತ್ತಿದ್ದ.

ಹೇಗೋ ಮಾಡಿ ಗುರುವಾರದ ಸಂಜೆಗೆ ಒಂದು ತಂಡ ಅಂತ ಆಯಿತು. ಎಲ್ಲರೂ ಫುಟ್‌ಬಾಲಿನವರೇ. ಬೇರೆ ದಿನಗಳಲ್ಲಿ ಫುಟ್‌ಬಾಲ್ ಆಡಿ ದಣಿದವರು, ಹೋರಿಯವನ ಮಾತು ಮೀರಲಾರದೆ ಬಂದವರು. ಮದುವೆ ಮನೆಯಲ್ಲಿ ಬೇರೆಯವರ ಛತ್ರಿ ಹಿಡಿದುಕೊಂಡು ನಿಂತವರ ಹಾಗೆ ದಾಂಡು ಹಿಡಿಯುತ್ತಿದ್ದರು. ಚೆಂಡು ಮೇಲಿನಿಂದ ಬರುತ್ತಿದೆ ಅನ್ನುವಾಗ ದಾಂಡನ್ನು ಅತ್ತ ಬಿಸಾಕಿ ಎರಡೂ ಕೈ ಚಾಚಿ ಹಾರುತ್ತಿದ್ದರು. ಚೆಂಡು ನೆಲಕ್ಕೆ ಬಿದ್ದರಂತೂ ಕಾಲು ತಾನಾಗಿ ಮುಂದೆ ಹೋಗುತ್ತಿತ್ತು. ಒದೆಯುವುದು, ಒದೆಯುವುದು, ಬರೀ ಒದೆಯುವುದು.

ಇಲ್ಲೊಂದು ಮಾತು ಹೇಳಬೇಕು. ಹರ್ಲಿಂಗಿನಲ್ಲಿ ಚೆಂಡನ್ನು ಒದೆಯಬಾರದು ಅಂತ ನಿಯಮ ಇಲ್ಲ. ಒದೆಯಬಹುದು. ಒದ್ದು ಗೋಲನ್ನೂ ಹೊಡೆಯಬಹುದು. ಫಿಂಟನ್‌ಗೆ ಇದು ಹಾಲು ಕುಡಿಯುವ ವಯಸ್ಸಿನಿಂದ ಗೊತ್ತು. ಆದರೆ ಮೊದಲ ವರ್ಷದಲ್ಲೇ ಒಂದು ಸಂಜೆ, ಒದ್ದು ಒದ್ದು ಚೆಂಡಿನ ಚರ್ಮವನ್ನೇ ಹರಿದಿಟ್ಟಿದ್ದ ದಿನ, ಯಾರೋ ಕೇಳಿದರು: "ಕಾಲು ಹಾಕ್ಬಾರ್ದಾ ಫಿಂಟನ್?" ಅವನಿಗೆ ಸಾಕುಸಾಕಾಗಿತ್ತು. "ಹಾಕ್ಬಾರ್ದು!" ಅಂದುಬಿಟ್ಟ. ಅವತ್ತಿನಿಂದ ಡ್ರಮ್‌ಬ್ರ್ಯಾಕಿನಲ್ಲಿ ಅದೇ ಕಾನೂನಾಯಿತು. ಗುರುವಾರ ಸಂಜೆಯಾದರೆ ಇಗರ್ಜಿಯ ಗಂಟೆಯ ಜೊತೆಗೆ ಮೈದಾನದ ಕಡೆಯಿಂದ ಫಿಂಟನ್‌ನ ದನಿಯೂ ಊರಿಗೆಲ್ಲ ಕೇಳುತ್ತಿತ್ತು: "ಕಾಲು ಬೇಡ! ಕಾಲು ಬೇಡ್ರೋ! ಕಾಲು ಹಾಕ್ಬಾರ್ದು!"

ಹೀಗಿರುವಾಗ ಆ ಬೇಸಿಗೆಯಲ್ಲಿ ಕ್ಲಬ್ಬಿನವರು ಸಭೆ ಕರೆದರು. ಅಧ್ಯಕ್ಷ ಯುಜೀನ್ ಟ್ಯಾಕ್ನಿ. ಟೈರ್ ಅಂಗಡಿ ಇಟ್ಟವನು, ಫುಟ್‌ಬಾಲ್ ತಂಡದ ತರಬೇತುದಾರನೂ ಅವನೇ.

"ಫಿಂಟನ್, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲಪ್ಪ," ಅಂತ ಯುಜೀನ್ ಶುರುಮಾಡಿದ. ಅವನು ಹೀಗೆ ಶುರುಮಾಡಿದರೆ ಹಿಂದೆ ಕೊಡಲಿ ಇಟ್ಟುಕೊಂಡಿದ್ದಾನೆ ಅಂತ ಎಲ್ಲರಿಗೂ ಗೊತ್ತು. "ನಾಲ್ಕು ವರ್ಷದಿಂದ ಲೀಗ್ ಆಡ್ತಿದೀರಿ. ಒಂದೇ ಒಂದು ಗೆದ್ದಿಲ್ಲ."

"ಹೋದ ವರ್ಷ ಒಂದು ಸಮ ಆಯ್ತು."

"ಅವತ್ತು ಮಂಜು ಮುಸುಕಿ ಆಟ ಅರ್ಧಕ್ಕೇ ನಿಂತೋಯ್ತು ಕಣಯ್ಯಾ."

"ನಿಂತಾಗ ಸಮ ಇತ್ತಲ್ಲ!"

"ಒಬ್ರೂ ಒಂದೂ ಹೊಡ್ದಿರ್ಲಿಲ್ಲ ಫಿಂಟನ್." ಯುಜೀನ್ ಉಸಿರು ಬಿಟ್ಟ. "ನೋಡು, ಭಾನುವಾರ ಕಿಲಿಫಾಡಿನವರ ಮೇಲೆ ನಿಮ್ದು ಕೊನೇ ಆಟ. ಗೆದ್ರೆ ಮುಂದಿನ ವರ್ಷಾನೂ ಇರ್ಲಿ, ನಾನೇ ನಿಂತು ನಡೆಸಿಕೊಡ್ತೀನಿ. ಸೋತ್ರೆ ಗುರುವಾರದ ಸಂಜೆ ಮೈದಾನ ಫುಟ್‌ಬಾಲಿಗೆ. ಹರ್ಲಿಂಗ್ ಅಲ್ಲಿಗೆ ಮುಚ್ಚಿದ ಹಾಗೆ. ಒಪ್ಪೋರು ಕೈಯೆತ್ತಿ."

ಕೈಗಳು ಎದ್ದವು. ಎಲ್ಲಕ್ಕಿಂತ ಮೇಲೆ ಎದ್ದ ಕೈ ಫಿಂಟನ್‌ನ ಭಾವಮೈದುನ ಫ್ರಾಂಕ್ ಮೆಕೀರ್ನನ್‌ನದು.

"ಇನ್ನೊಂದು ವಿಷಯ," ಅಂದ ಯುಜೀನ್. "ಶನಿವಾರ ಸಂಜೆ ಫುಟ್‌ಬಾಲಿಂದು ಒಂದು ಸ್ನೇಹದ ಆಟ ಇಟ್ಕೊಂಡಿದೀನಿ."

"ಶನಿವಾರಾನಾ?" ಫಿಂಟನ್ ಎದ್ದೇ ನಿಂತ. "ಅದೇ ಹುಡುಗ್ರಲ್ವೇನೋ ಮಾರಾಯ ಭಾನುವಾರ ನಂಗೆ ಆಡ್ಬೇಕಾಗಿರೋದು?"

"ಸ್ನೇಹದ ಆಟ ಕಣೋ. ಯಾರಿಗೂ ಏನೂ ಆಗಲ್ಲ."

ಮನೆಗೆ ಬಂದು ಫಿಂಟನ್ ಕುರ್ಚಿಯಲ್ಲಿ ಕುಸಿದ. ಅಸಂಪ್ಟಾ ಚಹಾ ತಂದಿಟ್ಟಳು. ಸಭೆಯಲ್ಲಿ ನಡೆದದ್ದು ಅವನಿಗಿಂತ ಮುಂಚೆಯೇ ಅವಳಿಗೆ ತಲುಪಿತ್ತು.

"ನಮ್ಮಪ್ಪ ಸಾಯೋ ಮುಂಚೆ ಏನಂದಿದ್ರು ನೆನಪಿದೆಯಾ?"

"ಏನಂದಿದ್ರು?"

"'ಅಳಿಯ ಬಂಗಾರದಂಥೋನು. ಆ ಕೋಲೊಂದು ಅವನ ಕೈಯಿಂದ ಕಿತ್ಕೊಳ್ರಮ್ಮಾ' ಅಂತ."

"ನಿಮ್ಮಣ್ಣ ಕಿತ್ಕೊಳೋಕೆ ಕೈಯೆತ್ತಿ ಬಂದಿದಾನೆ, ಸಮಾಧಾನ ಮಾಡ್ಕೋ."

ಅಸಂಪ್ಟಾ ನಗಲಿಲ್ಲ. ಮೊದಲ ಸಲ ಅವನು ದಾಂಡುಗಳ ಚೀಲವನ್ನು ಕಾರಿನಲ್ಲೇ ಬಿಟ್ಟು ಬಂದಿದ್ದ. ದಿನವೂ ಒಳಗೆ ತಂದು, ಬಿರುಕು ಬಿಟ್ಟವಕ್ಕೆ ತಗಡಿನ ಪಟ್ಟಿ ಬಿಗಿದು, ಎಣ್ಣೆ ಒರೆಸಿ ಮಲಗುವವನು ಅವನು. ಅದನ್ನು ಅವಳು ಕಂಡಳು. ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ರಡನ್‌ಗಳ ಮನೆಯಿಂದ ಫೋನು ಬಂತು. ಅವರ ಕೆಂಪು ಹಸು ಬೆದೆಗೆ ಬಂದಿತ್ತು. ಆ ಮನೆಯ ಕಿಲಿಯನ್ ರಡನ್ ಗೋಡೆಗಾರೆ ಮಾಡುವ ಯುವಕ. ಫುಟ್‌ಬಾಲ್ ತಂಡದಲ್ಲಿ ಅವನ ಎಡಗಾಲು ಅಂದರೆ ಊರಿಗೇ ಹೆಮ್ಮೆ. ಹರ್ಲಿಂಗ್ ತಂಡದಲ್ಲಿ ಎತ್ತರಕ್ಕೆ ಹಾರಿ ಚೆಂಡು ಹಿಡಿಯಬಲ್ಲವನು ಅವನೊಬ್ಬನೇ. ಅವನು ಹಸುವಿನ ಬಾಲ ಹಿಡಿದು ನಿಂತ. ಫಿಂಟನ್ ಉದ್ದನೆಯ ಕೈಗವಸು ಏರಿಸಿ, ಹೆಗಲಿನವರೆಗೂ ಕೈ ಒಳಗಿಟ್ಟು, ಹಸುವಿನ ಬೆನ್ನಿಗೆ ಕೆನ್ನೆ ಒತ್ತಿಕೊಂಡೇ ಕೇಳಿದ:

"ಭಾನುವಾರ ಬರ್ತೀಯಲ್ಲ?"

"ನಿಮ್ಮ ಕೈ ಎಲ್ಲಿದೆ ನೋಡ್ಕೊಳ್ಳಿ ಫಿಂಟನ್. ಆ ಮಾತು ಈಗ ಬೇಕಾ?"

"ನನ್ನ ಕೈ ಇರ್ಬೇಕಾದ ಜಾಗದಲ್ಲೇ ಇದೆ. ನಿನ್ನ ಕೈಗೆ ದಾಂಡು ಯಾವಾಗ ಬರುತ್ತೆ ಹೇಳು."

"ಶನಿವಾರ ಯುಜೀನ್ ಆಟ ಇಟ್ಟಿದಾನಲ್ಲ. ಭಾನುವಾರ ಮೈಕೈ ಎಲ್ಲಾ ನೋವಿರುತ್ತೆ."

"ಲೋ, ಸ್ನೇಹದ ಆಟದಲ್ಲಿ ಎಂಥ ನೋವೋ?"

"ನೀವು ಯುಜೀನ್ ಸ್ನೇಹ ನೋಡಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ರೀಟಾ ಮಧ್ಯೆ ಬಾಯಿ ಹಾಕಿದಳು: "ಹೋಗೋ ಸುಮ್ನೆ! ಈ ಕೊಟ್ಟಿಗೆ ತುಂಬಿಸಿದೋನು ಕೇಳ್ತಿದಾನೆ, ಒಂದು ಮಧ್ಯಾಹ್ನ ಕೋಲು ಹಿಡಿಯೋಕೆ ನಿಂಗೇನು ಬಂತು?"

"ಸರಿ ಸರಿ, ಬರ್ತೀನಿ."

"ದಾಂಡು ಎಲ್ಲಿ?" ಅಂತ ಫಿಂಟನ್ ಕೇಳಿದ.

ಕಿಲಿಯನ್ ಕಣ್ಣು ತಪ್ಪಿಸಿದ. ಫಿಂಟನ್ ತಿರುಗಿ ನೋಡಿದರೆ ಅದು ಕರುಗಳ ಗೂಡಿನ ಬಾಗಿಲಿಗೆ ಅಗುಳಿಯಾಗಿತ್ತು. ನಡುವೆ ಉದ್ದಕ್ಕೊಂದು ಬಿರುಕು. ಅವನೇ ಬಿಗಿದಿದ್ದ ತಗಡಿನ ಪಟ್ಟಿ ಸಡಿಲಾಗಿ ಜೋತಾಡುತ್ತಿತ್ತು.

"ಕಾರಲ್ಲಿ ಹೊಸದಿದೆ, ತಗೋ."

"ಬೇಡ ಫಿಂಟನ್, ಇದೇ ಕೈಗೆ ಒಗ್ಗಿದೆ."

"ಯಾರ ಕೈಗೆ? ಕರುವಿನ ಕೈಗಾ?"

ಎಷ್ಟು ಹೇಳಿದರೂ ಹುಡುಗ ಹೊಸದನ್ನು ಮುಟ್ಟಲಿಲ್ಲ. ಫುಟ್‌ಬಾಲಿನವರಿಗೆ ದಾಂಡು ಅಂದರೆ ದಾಂಡು. ಹಳೆಯದು ಹೊಸದು ಅಂತ ಇಲ್ಲ, ಚಪ್ಪಲಿಯಷ್ಟೂ ಬೆಲೆ ಇಲ್ಲ. ಹಸುವಿಗಾದರೂ ತಾನು ಮಾಡಿದ್ದು ಅರ್ಥವಾಗುತ್ತದೆ ಅಂದುಕೊಳ್ಳುತ್ತ ಫಿಂಟನ್ ಕೈ ತೊಳೆದ.

ಶನಿವಾರ ಬೆಳಗಾಗುತ್ತಲೇ ಮೈದಾನಕ್ಕೆ ಹೋದ. ಅಲ್ಲಿನ ಹುಲ್ಲು ಪ್ಯಾಕಿ ಗ್ಯಾಫ್ನಿಯ ಸಾಮ್ರಾಜ್ಯ. ಪ್ಯಾಕಿಗೆ ಹೆಂಡತಿ ಮಕ್ಕಳಿಲ್ಲ, ಈ ಮೈದಾನವೇ ಎಲ್ಲ. ಹುಲ್ಲು ಕತ್ತರಿಸುವ ಯಂತ್ರದ ಕೋಣೆಯ ಬೀಗದಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿರುತ್ತಾನೆ. ಹುಲ್ಲು ಹಿಮ್ಮಡಿ ಮುಚ್ಚುವಷ್ಟು ಬೆಳೆದಿತ್ತು.

"ಪ್ಯಾಕಿ, ಇವತ್ತಾದ್ರೂ ಸ್ವಲ್ಪ ಗಿಡ್ಡ ಮಾಡು."

"ರಾತ್ರಿ ಮಳೆ ಬಂದಿದೆ. ಒದ್ದೆ ಹುಲ್ಲಿಗೆ ಯಂತ್ರ ಬಿಡಲ್ಲ."

"ನಿನ್ನೆ ಒಣಗಿತ್ತಲ್ಲ?"

"ನಿನ್ನೆ ಶುಕ್ರವಾರ."

"ಆದ್ರೆ?"

"ಶುಕ್ರವಾರ ಸುಣ್ಣದ ಗೆರೆ ಹಾಕೋ ದಿನ."

"ಗೆರೆ ಹಾಕೋಕಿಂತ ಮುಂಚೆ ಕತ್ತರಿಸ್ಬಹುದಿತ್ತಲ್ಲಪ್ಪಾ!"

"ಕತ್ತರಿಸಿದ ಹುಲ್ಲಿನ ಮೇಲೆ ಗೆರೆ ಕೂರಲ್ಲ. ಅದೂ ಅಲ್ದೆ ಫುಟ್‌ಬಾಲಿನ ಹುಡುಗ್ರು ಬಿದ್ರೆ ಮೆತ್ತಗಿರ್ಬೇಕು."

"ನನ್ನ ಚೆಂಡು ಬಿದ್ರೆ ಏಳೋದೇ ಇಲ್ಲ ಪ್ಯಾಕಿ! ಕೋಳಿ ಮೊಟ್ಟೆ ಇಟ್ಟ ಹಾಗೆ ಹುಲ್ಲೊಳಗೆ ಕೂತ್ಕೊಳುತ್ತೆ."

ಪ್ಯಾಕಿ ಹುಲ್ಲನ್ನೊಮ್ಮೆ ಪ್ರೀತಿಯಿಂದ ನೋಡಿದ. "ಪಾಪ, ಅದಕ್ಕೂ ಮೆತ್ತಗಿರ್ಬೇಕು ಅನ್ಸುತ್ತೆ," ಅಂದ.

ಶನಿವಾರ ಸಂಜೆಯ ಸ್ನೇಹದ ಆಟ ಮುಗಿಯುವ ಹೊತ್ತಿಗೆ ಒಬ್ಬನ ಕಾಲು ಉಳುಕಿತ್ತು, ಇನ್ನೊಬ್ಬನ ತುಟಿ ಒಡೆದಿತ್ತು. ಭಾನುವಾರ ಬೆಳಿಗ್ಗೆ ಫೋನಿನ ಗುಂಪಿನಲ್ಲಿ ಒಂದೊಂದೇ ಸಂದೇಶ ಬರತೊಡಗಿತು. ಒಬ್ಬನ ಮನೆಯಲ್ಲಿ ದನದ ಹಸಿಮೇವು ಸುತ್ತಿಡುವ ಸೈಲೇಜಿನವರು ಬಂದಿದ್ದಾರಂತೆ. ಒಬ್ಬನ ಅತ್ತೆಯ ಹುಟ್ಟುಹಬ್ಬವಂತೆ. ಇನ್ನೊಬ್ಬ ಬರೀ ಅಳುವ ಮುಖದ ಚಿತ್ರ ಕಳಿಸಿದ್ದ. ಫಿಂಟನ್ ಇಗರ್ಜಿಯ ಬಾಗಿಲಿನಲ್ಲೇ ನಿಂತು, ಪ್ರಾರ್ಥನೆ ಮುಗಿಸಿ ಬಂದವರನ್ನು ತೋಳು ಹಿಡಿದು ಕಾರಿಗೆ ತುಂಬಿದ. ಆಟಕ್ಕೆ ಹದಿಮೂರು ಜನ ಬೇಕು. ಹನ್ನೆರಡಾದರು. ಕಿಲಿಫಾಡಿನವರ ಬಸ್ಸು ಬಂದು ನಿಂತಿತು, ರೆಫರಿ ಗಡಿಯಾರ ನೋಡಿದ, ಇನ್ನೂ ಹನ್ನೆರಡೇ.

ಆಗ ಅಸಂಪ್ಟಾಳ ಕಾರು ಗೇಟಿನೊಳಗೆ ನುಗ್ಗಿತು. ಪಕ್ಕದ ಸೀಟಿನಲ್ಲಿ ಫ್ರಾಂಕ್, ಐವತ್ತು ದಾಟಿದವನು, ಯಾರದೋ ಬಿಗಿಯಾದ ಅಂಗಿಯೊಳಗೆ ಹೊಟ್ಟೆ ತುರುಕಿಕೊಂಡು ಕೂತಿದ್ದ.

"ಇಗೋ ನಿನ್ನ ಹದಿಮೂರನೆಯವನು," ಅಂದಳು ಅಸಂಪ್ಟಾ. "ಸಭೇಲಿ ಚೆನ್ನಾಗಿ ಕೈಯೆತ್ತಿದ್ನಂತಲ್ಲ, ಇಲ್ಲೂ ಎತ್ತಲಿ."

"ನಾನು ಓಡಲ್ಲ," ಅಂದ ಫ್ರಾಂಕ್.

"ಓಡು ಅಂತ ಯಾರು ಹೇಳಿದ್ರು? ನಿಂತ್ಕೋ. ದಾರಿಗೆ ಅಡ್ಡ ನಿಂತ್ಕೋ. ನಿಂಗೆ ಅಭ್ಯಾಸ ಇದೆಯಲ್ಲ," ಅಂದ ಫಿಂಟನ್.

ರೆಫರಿ ಹ್ಯಾನ್ರಟಿ ಆರ್ಮಾದ ಕಡೆಯವನು, ಕಡ್ಡಿಯಂತೆ ತೆಳ್ಳಗಿನ ಮನುಷ್ಯ. ಗೋಲಿನ ಕಂಬಗಳ ಪಕ್ಕ ಬಿಳಿ ಕೋಟು ತೊಟ್ಟು ನಿಲ್ಲಲು ಅವನು ಕರೆತರಬೇಕಿದ್ದ ನಾಲ್ವರಲ್ಲಿ ಒಬ್ಬ ಬಂದಿರಲಿಲ್ಲ. "ಊರಿನೋರು ಯಾರಾದ್ರೂ ಆಗ್ಬಹುದಾ?" ಅಂತ ಕೇಳಿದ. ಕಿಲಿಫಾಡಿನವರು ಒಂದು ಗಳಿಗೆ ಯೋಚಿಸಿ ಪ್ಯಾಕಿ ಗ್ಯಾಫ್ನಿಯನ್ನು ತೋರಿಸಿದರು. ಹರ್ಲಿಂಗ್ ಕಂಡರೆ ಅವನಿಗೆ ಆಗುವುದಿಲ್ಲ ಅನ್ನುವುದು ಅವರವರೆಗೂ ಹೋಗಿತ್ತು. ಎರಡೂ ತಂಡ ಸೋಲಲಿ ಅಂತ ಬಯಸುವವನಿಗಿಂತ ನ್ಯಾಯವಂತ ಎಲ್ಲಿ ಸಿಗಬೇಕು? ಪ್ಯಾಕಿ ಬಿಳಿ ಕೋಟು ತೊಟ್ಟು, ಹಸಿರು ಬಾವುಟ ಹಿಡಿದು ಕಂಬದ ಪಕ್ಕ ನಿಂತ. ಚೆಂಡು ಬಲೆಗೆ ಬಿದ್ದರೆ ಹಸಿರು, ಅದಕ್ಕೆ ಮೂರು ಅಂಕ. ಅಡ್ಡಪಟ್ಟಿಯ ಮೇಲಿಂದ ಹೋದರೆ ಬಿಳಿ, ಅದಕ್ಕೆ ಒಂದು. ಫುಟ್‌ಬಾಲಿನಲ್ಲೂ ಹೀಗೇ. ಇಷ್ಟು ಅವನಿಗೂ ಗೊತ್ತಿತ್ತು.

ಆಟ ಶುರುವಾಯಿತು. ಅದನ್ನು ಆಟ ಅಂತ ಕರೆದರೆ ಕಿಲ್ಕೆನಿಯಲ್ಲಿ ಮಲಗಿರುವ ಫಿಂಟನ್‌ನ ಅಜ್ಜ ಗೋರಿಯಲ್ಲೇ ಮಗ್ಗುಲಾಗಬೇಕು. ಚೆಂಡು ಹುಲ್ಲಿನಲ್ಲಿ ಹೂತುಕೊಳ್ಳುವುದು, ಅದರ ಸುತ್ತ ಐದಾರು ಜನ ಹಾವು ಬಡಿಯುವವರ ಹಾಗೆ ಬಡಿಯುವುದು, ಮಣ್ಣು ಹಾರುವುದು, ಚೆಂಡು ಅಲ್ಲೇ ಇರುವುದು. ಕಿಲಿಫಾಡಿನವರೂ ಮೂಲದಲ್ಲಿ ಫುಟ್‌ಬಾಲಿನವರೇ, ಆದರೆ ದಾಂಡು ಹಿಡಿದು ಒಂದೆರಡು ವರ್ಷ ಹೆಚ್ಚಾಗಿತ್ತು. ಫಿಂಟನ್ ಗೆರೆಯ ಉದ್ದಕ್ಕೂ ಓಡಾಡುತ್ತ ದನಿ ಒಡೆದುಕೊಂಡ.

"ಬಗ್ಗೋ! ಸೊಂಟ ಇದೆ ತಾನೇ, ಬಗ್ಗೋ!"

"ದಾಂಡು ಯಾಕೆ ಬಿಸಾಕ್ತೀಯೋ, ಅದೇನು ಹಾವಾ?"

"ಕಾಲು ಬೇಡ! ಕಾಲು ಬೇಡ!"

"ಬೇಡ ಅಂತ ಗೊತ್ತು ಫಿಂಟನ್, ಅದು ತಾನಾಗೇ ಹೋಗುತ್ತೆ!" ಅಂತ ಮೈದಾನದ ನಡುವಿನಿಂದ ಯಾರೋ ಕೂಗಿದರು.

ಫ್ರಾಂಕ್ ಮಾತ್ರ ಹೇಳಿದಂತೆ ಓಡಲಿಲ್ಲ. ನಿಂತ ಜಾಗದಲ್ಲಿ ನಿಂತ. ಕಿಲಿಫಾಡಿನ ವೇಗಿಗಳಿಬ್ಬರು ಅವನ ಹೊಟ್ಟೆಗೆ ಡಿಕ್ಕಿ ಹೊಡೆದು ಕೂತರು. ಅದೂ ಒಂದು ರಕ್ಷಣೆಯೇ. ಹೀಗೆ ಒದ್ದಾಡಿಕೊಂಡು ಆಟ ಕೊನೆಯ ಗಳಿಗೆಗೆ ಬಂದಾಗ ಡ್ರಮ್‌ಬ್ರ್ಯಾಕ್ ಬರೀ ಎರಡು ಅಂಕ ಹಿಂದಿತ್ತು. ಗೆರೆಯಾಚೆ ಯುಜೀನ್ ಟ್ಯಾಕ್ನಿ ಕೈಕಟ್ಟಿ ನಿಂತಿದ್ದ. ಅವನ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ, ಗುರುವಾರದ ಸಂಜೆ ಏನೇನು ಕಲಿಸಬೇಕು ಅಂತ ಯೋಚಿಸುತ್ತಿದ್ದ ಅಷ್ಟೆ. ಅದನ್ನು ಕಂಡೇ ಫಿಂಟನ್‌ನ ಮೈ ಉರಿಯಿತು.

ಕೊನೆಯ ಚೆಂಡು ಮೇಲಕ್ಕೆ ಹೋಯಿತು. ಕಿಲಿಯನ್ ರಡನ್ ಎಲ್ಲರ ತಲೆಯ ಮೇಲಿಂದ ಹಾರಿ ಅದನ್ನು ಹಿಡಿದ. ಒಂದೇ ಕೈಯಲ್ಲಿ, ದಾಂಡು ಬಿಡದೆ, ಕಲಿಸಿದ ಹಾಗೆಯೇ ಹಿಡಿದ. ಹುಡುಗ ತಿರುಗಿದ, ದಾಂಡು ಬೀಸಿದ. ಅಡ್ಡ ಬಂದ ಇನ್ನೊಂದು ದಾಂಡಿಗೆ ಬಡಿಯಿತು. ಬಿರುಕು ಬಾಯಿ ಬಿಟ್ಟು ಅರ್ಧ ದಾಂಡು ಗಾಳಿಯಲ್ಲಿ ಹಾರಿಹೋಯಿತು. ಚೆಂಡು ಗೋಲಿನ ಎದುರಿಗೇ ಬಿದ್ದು, ಪ್ಯಾಕಿಯ ಹುಲ್ಲಿನಲ್ಲಿ, ಮೊಟ್ಟೆಯ ಹಾಗೆ ಕೂತಿತು. ಕಿಲಿಯನ್ ಕೈಯಲ್ಲಿ ಉಳಿದದ್ದು ಒಂದು ಮೊಂಡು ಹಿಡಿ. ನಾಲ್ಕು ದಾಂಡುಗಳು ಮೇಲಿನಿಂದ ಇಳಿಯುತ್ತಿದ್ದವು. ಊರು ಹೆಮ್ಮೆ ಪಡುವ ಆ ಎಡಗಾಲು ಯಾರನ್ನೂ ಕೇಳದೆ ಮುಂದೆ ಹೋಯಿತು.

ಬಲೆ ಉಬ್ಬಿ ನಿಂತಿತು.

ಒಬ್ಬನೂ ಕುಣಿಯಲಿಲ್ಲ. ಕಿಲಿಯನ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು "ಅಯ್ಯೋ, ಕಾಲು!" ಅಂದ. ಡ್ರಮ್‌ಬ್ರ್ಯಾಕಿನ ಉಳಿದ ಹನ್ನೆರಡು ಜನ ಅವನನ್ನು ಶಪಿಸುತ್ತ ಹಿಂದೆ ತಿರುಗಿದರು. ಪ್ಯಾಕಿ ಗ್ಯಾಫ್ನಿ ಹಸಿರು ಬಾವುಟವನ್ನು ನೆಲಕ್ಕೆ ಹಾಕಿ, ಅದರ ಮೇಲೆ ಬೂಟು ಕಾಲಿಟ್ಟು, ಕೈಕಟ್ಟಿ ನಿಂತ. ಕಿಲಿಫಾಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಯಿ ಮುಚ್ಚಿಕೊಂಡರು. ಅವರ ಗೋಲು ಕಾಯುವವನಂತೂ ಚೆಂಡನ್ನು ಬಲೆಯಿಂದ ಎತ್ತಿ ಮತ್ತೆ ಹೊಡೆಯಲು ಸಿದ್ಧನಾದ.

ಫಿಂಟನ್ ಓಡಿದ. ಆ ವಯಸ್ಸಿನಲ್ಲಿ ಅವನು ಹಾಗೆ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಅವನೂ ರೆಫರಿಯೂ ಒಟ್ಟಿಗೇ ಕಂಬದ ಬಳಿ ಬಂದರು.

"ಬಾವುಟ ಎತ್ತೋ ಪ್ಯಾಕಿ!"

"ಎತ್ತಲ್ಲ."

"ಯಾಕ್ರೀ ಎತ್ತಲ್ಲ?" ಅಂತ ಹ್ಯಾನ್ರಟಿ ಕೇಳಿದ. "ಏನಾದ್ರೂ ತಪ್ಪು ನೋಡಿದ್ರಾ?"

"ನೋಡಿದ್ರಾ ಅಂದ್ರೇನು? ಇಡೀ ಊರು ನೋಡ್ತು. ಕಾಲಲ್ಲಿ ಒದ್ದ."

"ಮತ್ತೆ?"

"ಮತ್ತೇನು ಬೇಕು? ಕಾಲಲ್ಲಿ ಒದ್ದ!"

ರೆಫರಿ ಹಣೆ ಒರೆಸಿಕೊಂಡ. "ಅಲ್ರೀ, ಒದೀಬಹುದು. ಒದ್ರೂ ಗೋಲೇ."

"ಹೋಗ್ರೀ!" ಪ್ಯಾಕಿಗೆ ನಿಜವಾಗಿ ಸಿಟ್ಟು ಬಂತು. "ನಂಗೆ ಆಟ ಗೊತ್ತಿಲ್ದೇ ಇರ್ಬಹುದು, ಕಿವಿ ಇದೆ. ವರ್ಷಗಟ್ಟಲೆ ಪ್ರತಿ ಗುರುವಾರ, ನಾನು ಇದೇ ಕಂಬಕ್ಕೆ ಬಣ್ಣ ಬಳೀತಾ ಇರುವಾಗ, ಈ ಮನುಷ್ಯ ಇಲ್ಲೇ ನಿಂತು ಬಡ್ಕೊಂಡಿದಾನೆ, ಕಾಲು ಹಾಕ್ಬಾರ್ದು, ಕಾಲು ಹಾಕ್ಬಾರ್ದು ಅಂತ. ಕಿಲ್ಕೆನಿಯೋನು. ಅವನಿಗೆ ಗೊತ್ತಿಲ್ವಾ? ಅವನನ್ನೇ ಕೇಳಿ. ಅವನು ಹಾಕ್ಬಹುದು ಅಂದ್ರೆ ಈಗ್ಲೇ ಎತ್ತೀನಿ."

ಎಲ್ಲರೂ ಫಿಂಟನ್‌ನ ಕಡೆ ತಿರುಗಿದರು. ಕಿಲಿಯನ್, ಫ್ರಾಂಕ್, ತುಟಿ ಒಡೆದವನು, ಎಲ್ಲರೂ. ಗೆರೆಯಾಚೆಯಿಂದ ಯುಜೀನ್ ಕೂಡ ಕುತ್ತಿಗೆ ಚಾಚಿದ.

ಫಿಂಟನ್‌ಗೆ ತನ್ನದೇ ದನಿ ತನ್ನ ಕೊರಳಿಗೆ ಸುತ್ತಿಕೊಂಡಂತಾಯಿತು. ಹೌದು ಅಂದರೆ ಇನ್ನು ಮುಂದೆ ಈ ಜನ್ಮದಲ್ಲಿ ಇವರ ಕಾಲು ನಿಲ್ಲಿಸಲಾಗದು. ಇಲ್ಲ ಅಂದರೆ ಆಟವೇ ಇಲ್ಲ. ಅವನು ಹುಲ್ಲು ನೋಡಿದ, ಬಲೆ ನೋಡಿದ, ಮುರಿದ ದಾಂಡಿನ ಹಿಡಿ ನೋಡಿದ.

"ಹಾಕ್ಬಹುದು," ಅಂದ.

"ಏನಂದೆ? ಕೇಳಿಸ್ಲಿಲ್ಲ," ಅಂದ ಪ್ಯಾಕಿ.

"ಹಾಕ್ಬಹುದು! ಒದೀಬಹುದು! ಯಾವತ್ತೂ ಒದೀಬಹುದಿತ್ತು! ಸಾಕಾ?"

ತಂಡ ಒಟ್ಟಿಗೇ ಬಾಯಿ ಬಿಟ್ಟಿತು. "ಯಾವತ್ತೂನಾ?" "ಹೋದ ವರ್ಷ ನಾನು ಖಾಲಿ ಗೋಲಿನ ಮುಂದೆ ನಿಂತು ಬಗ್ಗಿ ಬಗ್ಗಿ ಚೆಂಡು ಹುಡುಕ್ತಿದ್ನಲ್ಲ, ಅವತ್ತೂನಾ?" "ನನ್ನ ಬೆರಳು ಮುರೀತಲ್ಲ ಗುರುವೇ, ಕಾಲು ಬೇಡ ಅಂದ್ರಲ್ಲ ಅಂತ ಕೈ ಹಾಕಿ!" ಫ್ರಾಂಕ್ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ, ನಗುವಿಗೆ.

ಪ್ಯಾಕಿ ನಿಧಾನವಾಗಿ ಬೂಟು ತೆಗೆದ. ಬಾವುಟ ಕೊಡವಿದ. ಇಷ್ಟವಿಲ್ಲದ ನೆಂಟರಿಗೆ ಬಾಗಿಲು ತೆಗೆಯುವವನ ಹಾಗೆ ಅದನ್ನು ಮೇಲಕ್ಕೆತ್ತಿದ. ಹ್ಯಾನ್ರಟಿ ಸೀಟಿ ಊದಿದ. ಡ್ರಮ್‌ಬ್ರ್ಯಾಕ್ ಒಂದು ಅಂಕದಿಂದ ಗೆದ್ದಿತು.

ಕ್ಲಬ್ಬಿನ ಮನೆಯಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್. ಯುಜೀನ್ ಬಂದು ಫಿಂಟನ್‌ನ ಕೈ ಹಿಡಿದು ಕುಲುಕಿದ. "ಮಾತು ಅಂದ್ರೆ ಮಾತು. ಮುಂದಿನ ವರ್ಷಾನೂ ಗುರುವಾರ ನಿಂದೇ. ಆದ್ರೂ ಒಪ್ಕೋ, ಕೊನೆಗೆ ಫುಟ್‌ಬಾಲೇ ಉಳಿಸ್ತಲ್ಲ ನಿನ್ನ ಹರ್ಲಿಂಗನ್ನ?"

ಪ್ಯಾಕಿ ಮೂಲೆಯಿಂದ ಸ್ಯಾಂಡ್‌ವಿಚ್ ಹಿಡಿದುಕೊಂಡೇ ಬಂದ. "ಹುಲ್ಲು ಕತ್ತರಿಸು ಕತ್ತರಿಸು ಅಂತಿದ್ದೆ. ಕತ್ತರಿಸಿದ್ರೆ ಚೆಂಡು ನಿಲ್ತಿತ್ತಾ ಅಲ್ಲಿ? ಉರುಳ್ಕೊಂಡು ಕಿಲಿಫಾಡಿಗೇ ಹೋಗಿರೋದು."

ಫಿಂಟನ್ ಬಾಯಿಗೆ ಇಡೀ ಸ್ಯಾಂಡ್‌ವಿಚ್ ತುರುಕಿಕೊಂಡ. ಬೇರೆ ಏನಾದರೂ ಹೊರಬಂದೀತು ಅಂತ.

ಮನೆಗೆ ಹೋಗುವ ದಾರಿಯಲ್ಲಿ ಅಸಂಪ್ಟಾ ಕಾರು ಓಡಿಸುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕು ನಕ್ಕು. "ಗೆದ್ಯಲ್ಲೋ, ಮುಖ ಯಾಕೆ ಹಾಗಿದೆ?"

"ಹಾರಿ ಹಿಡಿದ ನೋಡಿದ್ಯಾ? ಒಂದೇ ಕೈಲಿ? ಅದು ನಾನು ಕಲಿಸಿದ್ದು. ಅದರ ಮಾತು ಒಬ್ನಾದ್ರೂ ಆಡಿದ್ನಾ?"

"ನಾನು ನೋಡ್ದೆ," ಅಂದಳು ಅವಳು. ಆ ರಾತ್ರಿ ದಾಂಡುಗಳ ಚೀಲ ಮತ್ತೆ ಒಳಗೆ ಬಂತು.

ಗುರುವಾರ ಸಂಜೆ ಫಿಂಟನ್ ಮೈದಾನದ ಗೇಟು ದಾಟಿದವನು ಬ್ರೇಕು ಹಾಕಿ ಕಣ್ಣುಜ್ಜಿಕೊಂಡ. ಎಂದೂ ಕಾಣದಷ್ಟು ಜನ. ಹಳಬರೆಲ್ಲ ಇದ್ದರು, ಅವರ ತಮ್ಮಂದಿರಿದ್ದರು, ಹೆಸರೂ ಗೊತ್ತಿಲ್ಲದ ಇಬ್ಬರಿದ್ದರು. ಫ್ರಾಂಕ್ ತನ್ನ ಅಳತೆಯ ಅಂಗಿ ಹೊಲಿಸಿಕೊಂಡೇ ಬಂದಿದ್ದ. ಕಾಲು ಹಾಕಬಹುದಂತೆ ಅನ್ನುವ ಸುದ್ದಿ ಊರಿಂದೂರಿಗೆ ಹಬ್ಬಿತ್ತು. ಅರ್ಧಕ್ಕೂ ಹೆಚ್ಚು ಜನರ ಕೈಯಲ್ಲಿ ದಾಂಡೇ ಇರಲಿಲ್ಲ.

ಚೆಂಡು ಎಸೆದ. ಅದು ಉರುಳಿ ಹುಲ್ಲಿನಲ್ಲಿ ಕೂತಿತು. ಹೆಸರು ಗೊತ್ತಿಲ್ಲದವನೊಬ್ಬ ಓಡಿ ಬಂದು ಜಾಡಿಸಿ ಒದ್ದ.

ಫಿಂಟನ್ ಬಾಯಿ ತೆರೆದ. ಇಡೀ ಮೈದಾನ ನಿಂತು ಅವನನ್ನೇ ನೋಡಿತು. ಕಂಬದ ಬಳಿ ಬಣ್ಣದ ಡಬ್ಬಿ ಹಿಡಿದಿದ್ದ ಪ್ಯಾಕಿ ಕೂಗಿದ: "ಹೇಳು, ಹೇಳು! ಕಾಲು ಬೇಡ ಅಂತ ಹೇಳು ನೋಡೋಣ!"

ಫಿಂಟನ್ ಬಾಯಿ ಮುಚ್ಚಿದ. ಕಾರಿನ ಹಿಂಬಾಗಿಲು ತೆಗೆದು, ಹೋರಿಗಳ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಗೋಣಿಚೀಲವನ್ನು ಎಳೆದು ತಂದು ಸುಣ್ಣದ ಗೆರೆಯ ಮೇಲೆ ಸುರಿದ. ಮೊದಲನೆಯದನ್ನು, ಹೊಸದನ್ನು, ಕಿಲಿಯನ್‌ನ ಎದೆಗೆ ಒತ್ತಿ ಹಿಡಿದ.

"ಇದು ಕರುಗಳ ಬಾಗಿಲಿಗೆ ಹೋದ್ರೆ ನಿಮ್ಮ ಹಸು ನೋಡೋಕೆ ಬೇರೆಯವನನ್ನ ಹುಡುಕ್ಕೊಳ್ಳಿ," ಅಂದ. ಆಮೇಲೆ ಉಳಿದವರ ಕಡೆ ತಿರುಗಿ, "ಬನ್ರೋ, ಒಬ್ಬೊಬ್ರೇ ತಗೊಳ್ಳಿ. ಎರಡೂ ಕೈಯಲ್ಲಿ ಹಿಡೀರಿ. ಗಟ್ಟಿಯಾಗಿ. ಅದು ಯಾರದೋ ಛತ್ರಿ ಅಲ್ಲ."